ಗುಟ್ಟಿನ ರಿವ್ಯೂಗೆ ಮನೆಮನೆ ಕರೆಯೋಲೆ

ನಮ್ಮ ಇಂಜಿನಿಯರಿಂಗ್ ಕಾಲೇಜು ಹೊರತರುವ ಕಂಪ್ಯೂಟರ್ ವಿಜ್ಞಾನದ ಸಂಶೋಧನಾ ಪತ್ರಿಕೆಗೆ ನಾನು ಸಂಪಾದಕನಾಗಿ ನೇಮಕಗೊಂಡ ದಿನ ಚಿಕ್ಕಮಗಳೂರಿನಲ್ಲಿ ಯಾವ ವಿಶೇಷವೂ ನಡೆಯಲಿಲ್ಲ. ಜನಕ್ಕೆ ವಿಷಯ ತಿಳಿದಿರಲಿಲ್ಲ, ಅಷ್ಟೇ! ನಾನಂತೂ ಅಂದೇ ನನ್ನ ಕೋಣೆಯ ಬಾಗಿಲಿಗೆ ‘ಪ್ರಧಾನ ಸಂಪಾದಕ’ ಎಂಬ ಫಲಕ ಹಾಕಿಸಿದೆ. ಪ್ರಧಾನನಲ್ಲದ ಸಂಪಾದಕ ಇನ್ನೊಬ್ಬ ಇರಲಿಲ್ಲ ಎಂಬುದು ಬೇರೆ ಮಾತು.

ಮೊದಲು ನಿಯಮಾವಳಿ ಬರೆದೆ. ಬಂದ ಲೇಖನವನ್ನು ಇಬ್ಬರು ತಜ್ಞರು ಓದಿ ರಿವ್ಯೂ ಬರೆಯಬೇಕು. ಬರೆದವರು ಯಾರೆಂದು ತಜ್ಞರಿಗೆ ಗೊತ್ತಾಗಕೂಡದು, ತಜ್ಞರು ಯಾರೆಂದು ಬರೆದವರಿಗೆ ಗೊತ್ತಾಗಕೂಡದು. ಇಷ್ಟು ಎಲ್ಲ ಪತ್ರಿಕೆಗಳಲ್ಲೂ ಇರುತ್ತದೆ. ನನಗೆ ಅಷ್ಟು ಸಾಕಾಗಲಿಲ್ಲ. ಕೆಳಗೆ ದಪ್ಪಕ್ಷರದಲ್ಲಿ ಸೇರಿಸಿದೆ: ‘ಗುಟ್ಟು ಬಯಲಾದಲ್ಲಿ ಲೇಖನವನ್ನು ಕೈಬಿಡಲಾಗುವುದು. ಬಯಲು ಮಾಡಿದವರನ್ನು ಪತ್ರಿಕೆಯ ಹತ್ತಿರವೂ ಸೇರಿಸಲಾಗದು.’ ಓದಿಕೊಂಡರೆ ನನಗೇ ಮೈ ಜುಮ್ಮೆಂದಿತು.

ಮೊದಲ ಲೇಖನ ಬಂದದ್ದು ಮೂಡಿಗೆರೆಯಲ್ಲಿ ಪಾಠ ಮಾಡುವ, ಸೆಮಿನಾರುಗಳಲ್ಲಿ ಕಂಡು ಪರಿಚಯವಿದ್ದ ನುಸ್ರತ್ ಎಂಬ ಉಪನ್ಯಾಸಕಿಯಿಂದ. ಗಿಡದಲ್ಲಿರುವ ಕಾಫಿ ಹಣ್ಣಿನ ಫೋಟೋ ನೋಡಿ, ಕೊಯ್ಲಿಗೆ ಬಂದಿದೆಯೋ ಇಲ್ಲವೋ ಹೇಳುವ ತಂತ್ರಾಂಶದ ಬಗ್ಗೆ ಬರೆದಿದ್ದಳು. ಈ ಲೇಖನ ಒಪ್ಪಿಗೆಯಾಗದೆ ಅವಳು ಪಿಎಚ್.ಡಿ. ಪ್ರಬಂಧ ಸಲ್ಲಿಸುವಂತಿರಲಿಲ್ಲ. ಗಡುವು ಬೇರೆ ಹತ್ತಿರ ಬಂದಿತ್ತು.

“ಸರ್, ಬೇಗ ಆಗ್ತದಲ್ಲ?” ಎಂದು ಫೋನಿನಲ್ಲಿ ಕೇಳಿದಳು.

“ನಾನಿರುವಾಗ ನಿಮಗ್ಯಾಕೆ ಚಿಂತೆ?” ಎಂದೆ. ಪಾಪ, ನಂಬಿಬಿಟ್ಟಳು.

ತಜ್ಞರಾಗಿ ಇಬ್ಬರನ್ನು ಆರಿಸಿದೆ. ಒಬ್ಬರು ವಸ್ತಾರೆಯ ನಿವೃತ್ತ ಪ್ರೊಫೆಸರ್ ಪುಟ್ಟೇಗೌಡರು. ಇನ್ನೊಬ್ಬರು ಅವರದೇ ಶಿಷ್ಯ, ಕಳಸದಲ್ಲಿ ಕಂಪ್ಯೂಟರ್ ಕಲಿಸುವ ಭಟ್ಟರು. ಇಬ್ಬರಿಗೂ ಇಮೇಲ್ ಕಳಿಸಿದೆ. ಉತ್ತರವಿಲ್ಲ. ನೆನಪೋಲೆ ಕಳಿಸಿದೆ. ಉತ್ತರವಿಲ್ಲ. ‘ಅತ್ಯಂತ ತುರ್ತು’ ಎಂದು ಕಳಿಸಿದೆ. ಕೊಯ್ಲಿನ ಕಾಲದಲ್ಲಿ ತೋಟ ಇದ್ದವರಿಗೆ ಕಾಫಿ ಬಿಟ್ಟು ಬೇರೆ ತುರ್ತು ಇರುವುದಿಲ್ಲ ಎಂಬುದು ಈ ಊರಲ್ಲೇ ಹುಟ್ಟಿ ಬೆಳೆದ ನನಗೆ ಹೊಳೆಯಲಿಲ್ಲ.

ನನ್ನ ಹೆಂಡತಿ ಸುಮಿತ್ರಾ ನಕ್ಕಳು. “ಅಲ್ಲಾ ರೀ, ಇಮೇಲಲ್ಲಿ ಕರೆದ್ರೆ ಯಾರ್ ಬರ್ತಾರೆ? ನನ್ನ ತಮ್ಮನ ಮದ್ವೆಗೆ ಫೋನಲ್ಲಿ ಕರೆದ್ರು ಅಂತ ನೀವು ಸಿಟ್ಟಲ್ಲಿ ಎಷ್ಟು ಕುಣಿದ್ರಿ! ಮನೆಗೆ ಹೋಗಿ ಕರೀರಿ.”

ಅರೆ, ಹೌದಲ್ಲ! ನಮ್ಮ ಕಡೆ ಮನೆ ಬಾಗಿಲಿಗೆ ಹೋಗಿ ಕರೆಯದಿದ್ದರೆ ಅದು ಕರೆದ ಲೆಕ್ಕವೇ ಅಲ್ಲ. ಶನಿವಾರ ಬೆಳಿಗ್ಗೆ ಬಾಳೆಹಣ್ಣು, ಸ್ವೀಟು ಹಿಡಿದು ಕಾರು ಹತ್ತಿದೆ. ವಿಶ್ವದ ಸಂಶೋಧನಾ ಪತ್ರಿಕೆಗಳ ಇತಿಹಾಸದಲ್ಲೇ ಗುಟ್ಟಿನ ರಿವ್ಯೂಗೆ ಹಣ್ಣು ಕೊಟ್ಟು ಕರೆಯಲು ಹೊರಟ ಪ್ರಥಮ ಸಂಪಾದಕ ನಾನೇ ಇರಬೇಕು.

ಪುಟ್ಟೇಗೌಡರು ಕಣದಲ್ಲಿ ಕಾಫಿ ಕೆದಕಿಸುತ್ತ ನಿಂತಿದ್ದರು.

“ಮೇಲ್ ನೋಡ್ದೆ ಮಾರಾಯ. ನೀನು ಕರೆದಿದ್ದೋ, ಕಂಪ್ಯೂಟರೇ ಕರೆದಿದ್ದೋ ಗೊತ್ತಾಗ್ಲಿಲ್ಲ. ಈಗ ನೀನೇ ಬಂದ್ಯಲ್ಲ, ಮಾಡ್ವ ಬಿಡು.”

“ವಿಷಯ ಗುಟ್ಟಾಗಿರಲಿ ಸರ್.”

“ನನ್ನ ಬಾಯಿಂದ ಒಂದ್ ಮಾತು ಆಚೆ ಹೋಗಲ್ಲ,” ಎಂದವರೇ ಒಳಗೆ ತಿರುಗಿ ಕೂಗಿದರು: “ಏ, ಮೇಷ್ಟ್ರು ಅದೇನೋ ಗುಟ್ಟಿನ ಕೆಲ್ಸ ತಂದಿದಾರೆ, ಕಾಫಿ ಕಳ್ಸು!” ಕಣದಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿ ನನ್ನನ್ನೇ ನೋಡಿದರು.

ಅಲ್ಲಿಂದ ಕಳಸಕ್ಕೆ ಹೊರಟರೆ ಬಣಕಲ್ ಹತ್ತಿರ ಕಾರಿನ ಬ್ರೇಕು ವಿಚಿತ್ರವಾಗಿ ಕಿರುಚತೊಡಗಿತು. ರಸ್ತೆ ಬದಿಯ ಗ್ಯಾರೇಜಿಗೆ ನುಗ್ಗಿದೆ. ಇಬ್ರಾಹಿಂ ಸಾಹೇಬರೆಂಬ ಹಿರಿಯರು ಚಕ್ರ ಬಿಚ್ಚಿದರು. ಹಿಂದಿನ ಮನೆಯಿಂದ ಚಹಾ ಹಿಡಿದು ಬಂದ ಅವರ ಮಗಳನ್ನು ನೋಡಿ ನಾನು ಥಟ್ಟನೆ ಎದ್ದು ನಿಂತೆ. ನುಸ್ರತ್!

“ಸರ್! ನೀವು ಇಲ್ಲಿ? ಎಲ್ಲಿಗೆ ಹೊರಟಿದ್ರಿ?”

“ಕಳಸಕ್ಕೆ. ಭಟ್ರನ್ನ ಕರೆಯೋಕೆ,” ಎಂದು ಬಾಯಿ ಜಾರಿತು.

“ಏನ್ ವಿಶೇಷ ಸರ್?”

ನಿನ್ನ ಲೇಖನಕ್ಕೆ ಎನ್ನಲಾದೀತೆ? “ಮನೇಲಿ... ಸಣ್ಣ ಕಾರ್ಯಕ್ರಮ. ನಾಳೆ.”

ಚಕ್ರದ ಹಿಂದಿನಿಂದ ಇಬ್ರಾಹಿಂ ಸಾಹೇಬರು ತಲೆಯೆತ್ತಿದರು. “ಮನೆ ಮುಂದೇನೇ ಹೋಗ್ತಾ ಇದ್ದೀರಿ, ನಮ್ಮನ್ನ ಕರೀಲಿಲ್ವಲ್ಲ ಸರ್!”

ಕರೆದೆ. ಇನ್ನೇನು ಮಾಡಲಿ? ಭಟ್ಟರಿಗೆಂದು ತಂದಿದ್ದ ಬಾಳೆಹಣ್ಣನ್ನೂ ಅಲ್ಲೇ ಕೊಟ್ಟೆ.

ಕಳಸ ತಲುಪುವಷ್ಟರಲ್ಲಿ ಭಟ್ಟರು ಗೇಟಿನಲ್ಲೇ ಕಾಯುತ್ತಿದ್ದರು. “ಬನ್ನಿ ಬನ್ನಿ! ನಾಳೆ ನಿಮ್ಮನೇಲಿ ಊಟ ಅಂತಲ್ಲ! ನಮ್ಮ ಕಾರು ರಿಪೇರಿ ಮಾಡೋ ಇಬ್ರಾಹಿಂ ಸಾಹೇಬ್ರು ಫೋನ್ ಮಾಡಿದ್ರು. ವಾಪಸ್ ಹೋಗುವಾಗ ಘಾಟಿಲಿ ನಿಧಾನ ಹೋಗ್ಬೇಕಂತೆ ನೀವು. ಹಾಂ, ಗೌಡ್ರಿಗೂ ನಾನೇ ಹೇಳ್ಬಿಟ್ಟೆ, ಮರ್ತಿದ್ರೆ ತಪ್ಪು ತಿಳ್ಕೊಳ್ತಾರೆ ನೋಡಿ!”

ನನ್ನ ಸುಳ್ಳು ನನಗಿಂತ ಮೊದಲೇ ಘಟ್ಟ ಸುತ್ತಿಬಂದಿತ್ತು. ರಿವ್ಯೂ ಮಾಡಲೂ ಭಟ್ಟರು ಒಪ್ಪಿದರು. ಊಟದ ಖುಷಿಯಲ್ಲಿ ಅವರು ಏನನ್ನೂ ಒಪ್ಪುತ್ತಿದ್ದರು.

ಮನೆಗೆ ಬಂದು ಹೇಳಿದಾಗ ಸುಮಿತ್ರಾ ಸೊಂಟಕ್ಕೆ ಕೈಕೊಟ್ಟು ನಿಂತಳು. “ಏನ್ ಕಾರ್ಯಕ್ರಮ?”

“ಇನ್ನೂ ತೀರ್ಮಾನ ಆಗಿಲ್ಲ.”

“ಊರಿಗೆಲ್ಲ ಸುಳ್ಳು ಹೇಳ್ಕೊಂಡ್ ಬಂದಿದೀರಲ್ಲ, ಸತ್ಯನಾರಾಯಣ ಪೂಜೇನೇ ಆಗ್ಲಿ!”

ಭಾನುವಾರ ಪೂಜೆಯೇನೋ ಸಾಂಗವಾಗಿ ಮುಗಿಯಿತು. ಇಬ್ರಾಹಿಂ ಸಾಹೇಬರಿಗೆ ಅರ್ಜೆಂಟ್ ಕೆಲಸ ಬಂದದ್ದರಿಂದ ನುಸ್ರತ್ ಒಬ್ಬಳೇ ಬಂದಿದ್ದಳು. ಬಂದವಳು ಸುಮಿತ್ರಾಳ ಜೊತೆ ಬಡಿಸಲು ನಿಂತಿದ್ದಳು. ಹೋಳಿಗೆವರೆಗೂ ಎಲ್ಲ ಸುಸೂತ್ರ. ಅಷ್ಟರಲ್ಲಿ ಗೌಡರು ಮಾತು ತೆಗೆದರು.

“ಅಲ್ಲ ಮಾರಾಯ, ಆ ಕಾಫಿ ಹಣ್ಣಿನ ಪೇಪರ್ ರಾತ್ರಿನೇ ಓದ್ದೆ. ಅದನ್ನ ಬರೆದೋನು ಯಾವನೋ ತೋಟಕ್ಕೆ ಕಾಲಿಟ್ಟೋನೇ ಅಲ್ಲ!”

ಮೇಜಿನ ಕೆಳಗಿಂದ ಅವರ ಕಾಲನ್ನು ಒದ್ದೆ. “ಅಯ್ಯೋ!” ಎಂದು ಭಟ್ಟರು ಕಿರುಚಿದರು.

“ಎಲ್ಲ ಫೋಟೋನೂ ಬಿಸಿಲಲ್ಲಿ ತೆಗೆದಿದಾನೆ. ಮರದ ನೆರಳಲ್ಲಿ ಹಣ್ಣಿನ ಬಣ್ಣ ಬೇರೇನೇ ಕಾಣ್ತದೆ. ಅಲ್ಲೇನ್ ಮಾಡ್ತದೆ ಇವನ ಕಂಪ್ಯೂಟರ್?”

ತುಪ್ಪದ ಮಿಳ್ಳೆ ಗಾಳಿಯಲ್ಲೇ ನಿಂತಿತು. “ಅವನಲ್ಲ ಸರ್,” ಎಂದಳು ನುಸ್ರತ್. “ನಾನು.”

ಗೌಡರು ಅವಳನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಎಲೆ ಮುಂದೆ ಸರಿಸಿದರು. “ತುಪ್ಪ ಹಾಕಮ್ಮ. ಲೆಕ್ಕ ಎಲ್ಲ ಚೆನ್ನಾಗಿ ಮಾಡಿದೀಯ, ಫೋಟೋ ಒಂದು ಬಿಟ್ರೆ,” ಎಂದರು. ಕೈ ತೊಳೆದ ಮೇಲೆ ಮೂವರೂ ಜಗಲಿಯಲ್ಲಿ ಕೂತು ಲೇಖನದ ಸಾಲು ಸಾಲನ್ನೂ ಜಾಲಾಡಿದರು. ಅಷ್ಟು ಒಳ್ಳೆಯ ರಿವ್ಯೂವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ನಾನು ಎಲೆ ಎತ್ತುತ್ತಿದ್ದೆ.

ಸೋಮವಾರ ಪ್ರಾಂಶುಪಾಲರ ಕರೆ. ಗೌಡರು ಖುಷಿಯಿಂದ ಅವರಿಗೆ ಫೋನ್ ಮಾಡಿ, ಬರೆದವರನ್ನು ಎದುರಿಗೇ ಕೂರಿಸಿ ಊಟ ಹಾಕಿ ರಿವ್ಯೂ ಮಾಡಿಸುವ ನಮ್ಮ ಪದ್ಧತಿಯನ್ನು ಬಾಯ್ತುಂಬ ಹೊಗಳಿದ್ದರಂತೆ! ಪ್ರಾಂಶುಪಾಲರು ನಿಯಮಾವಳಿಯ ದಪ್ಪಕ್ಷರಗಳನ್ನು ಗಟ್ಟಿಯಾಗಿ ಓದಿದರು.

“ಭಾಷೆ ಬಹಳ ಬಿಗಿಯಾಗಿದೆ. ನೀವೇ ಬರೆದದ್ದಾ?”

ಫಲಕ ಅಂದೇ ಇಳಿಯಿತು. ಅದಕ್ಕೆ ನನಗೆ ದುಃಖವಾಗಲಿಲ್ಲ ಎಂದರೆ ಇನ್ನೊಂದು ಪೂಜೆ ಮಾಡಿಸಬೇಕಾದೀತು. ಆದರೆ ನುಸ್ರತ್‌ಗೆ ಫೋನ್ ಮಾಡಿ, ಲೇಖನ ಕೈಬಿಡಲಾಗಿದೆ ಎನ್ನಬೇಕಾದಾಗ ನಿಜಕ್ಕೂ ಸಂಕಟವಾಯಿತು. ಅವಳು “ಹೋಗ್ಲಿ ಬಿಡಿ ಸರ್,” ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಹುಡುಗಿ ಸುಮ್ಮನೆ ಕೂರಲಿಲ್ಲ. ಗೌಡರ ತೋಟದಲ್ಲೇ ಅಲೆದು ನೆರಳಿನ ಫೋಟೋ ತೆಗೆದಳು, ಲೇಖನ ತಿದ್ದಿ ಬೇರೊಂದು ಪತ್ರಿಕೆಗೆ ಕಳಿಸಿದಳು. ಗಡುವಿನೊಳಗೇ ಒಪ್ಪಿಗೆ ಬಂತು, ಪ್ರಬಂಧವೂ ಸಲ್ಲಿಕೆಯಾಯಿತು. ಅಚ್ಚಾದ ಪ್ರತಿಯನ್ನು ಅವಳೇ ಮನೆಗೆ ತಂದು ಕೊಟ್ಟಳು. ನಾನು ನೇರ ಕೃತಜ್ಞತೆಯ ಪುಟಕ್ಕೆ ಹಾರಿದೆ. ಸಲಹೆಗಾಗಿ ಪುಟ್ಟೇಗೌಡರಿಗೆ ಮತ್ತು ಭಟ್ಟರಿಗೆ, ಆ ಮಾತುಕತೆಗೆ ಮನೆ ಬಿಟ್ಟುಕೊಟ್ಟು ಹೋಳಿಗೆ ಬಡಿಸಿದ ಶ್ರೀಮತಿ ಸುಮಿತ್ರಾ ಅವರಿಗೆ, ಎಲ್ಲರನ್ನೂ ಫೋನಿನಲ್ಲಿ ಕೂಡಿಸಿದ ತಂದೆಗೆ. ಪುಟ ತಿರುಗಿಸಿದೆ. ಹಿಂಬದಿಯಲ್ಲೂ ನನ್ನ ಹೆಸರಿರಲಿಲ್ಲ.

ಅಂತೂ ಇಂತೂ ಈ ಇಡೀ ರಿವ್ಯೂನಲ್ಲಿ ಒಬ್ಬನ ಹೆಸರಾದರೂ ಗುಟ್ಟಾಗಿ ಉಳಿಯಿತು.