ಎಂಟರ ಹಿಡಿ, ಹತ್ತರ ಗಾಲಿ

ಲೆಕ್ಕದ ಮೇಷ್ಟ್ರು ಇರಲಾರದೆ ಇರುವೆ ಬಿಟ್ಟುಕೊಳ್ಳುವ ಪಂಗಡದವರು. ಮನೆಯ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗೋಡೆ ಗಡಿಯಾರ, ಎಲ್ಲವೂ ಅವರ ರಿಪೇರಿಯಿಂದಲೇ ಕಣ್ಣು ಮುಚ್ಚಿದ್ದವು. ಗಡಿಯಾರ ಹೋದ ದಿನ ಹೆಂಡತಿ ಒಂದು ಗೆರೆ ಎಳೆದಿದ್ದಳು: "ಮನೇಲಿ ಏನು ಬೇಕಾದ್ರೂ ಬಿಚ್ಚಿ. ನನ್ನ ಸೈಕಲ್ ಮುಟ್ಟಿದ್ರೆ ಮಾತ್ರ ಸುಮ್ನಿರಲ್ಲ." ಆಕೆ ಅಂಚೆ ಹಂಚುವವಳು. ಅವಳ ಪಾಲಿನ ಬೀದಿಗಳೆಲ್ಲ ಗುಡ್ಡದ ಮೇಲಿದ್ದವು. ಎಂಟು ಗೇರಿನ ಆ ಸೈಕಲ್ಲು ಇಲ್ಲದಿದ್ದರೆ ಅವಳಿಗೆ ಕಾಲೇ ಇಲ್ಲದಂತೆ.

ಆ ಭಾನುವಾರ ಅವಳು ಅಕ್ಕನ ಮನೆಗೆಂದು ಬಸ್ಸು ಹತ್ತಿದಳು. ತರಕಾರಿ ತರಲು ಹೋದ ಮೇಷ್ಟ್ರಿಗೆ ಗುಜರಿ ಅಂಗಡಿಯ ಮುಂದೆ ಹತ್ತು ಗೇರಿನ ಹಿಂದಿನ ಗಾಲಿಯೊಂದು ಹೊಳೆಯುತ್ತಾ ಕಂಡಿತು. ಎಂಟಕ್ಕಿಂತ ಹತ್ತು ದೊಡ್ಡದು. ಅಷ್ಟು ಲೆಕ್ಕ ಅವರಿಗೆ ಚೆನ್ನಾಗಿಯೇ ಬರುತ್ತಿತ್ತು. ಏರು ಹತ್ತುವ ಹೆಂಡತಿಗೆ ಇನ್ನೆರಡು ಗೇರು ಸಿಗಲಿ ಎಂದು ಮನೆಗೆ ಹೋಗಿ ಅವಳ ಗಾಲಿ ಬಿಚ್ಚಿ ತಂದರು, ಗುಜರಿಯವನಿಗೆ ಕೊಟ್ಟು ಹೊಳೆಯುವುದನ್ನು ಹೊತ್ತುಕೊಂಡು ಬಂದರು. ತರಕಾರಿ ಮರೆತೇ ಹೋಯಿತು.

ಗಾಲಿಯೇನೋ ಸಲೀಸಾಗಿ ಕೂತಿತು. ಗೇರು ಬದಲಿಸಿದಾಗ ಗ್ರಹಚಾರ ಶುರುವಾಯಿತು. ಹ್ಯಾಂಡಲ್ಲಿನ ಮೇಲಿದ್ದ ಗೇರು ಬದಲಿಸುವ ಹಿಡಿ ಎಂಟಕ್ಕೆ ಹುಟ್ಟಿದ್ದು. ಒಂದು ಸಲ ಟಿಕ್ ಎಂದರೆ ಚೈನನ್ನು ಎಂಟರ ಅಳತೆಯಲ್ಲೇ ಸರಿಸುತ್ತದೆ. ಹಿಂದೆ ನೋಡಿದರೆ ಹತ್ತು ಹಲ್ಲುಚಕ್ರಗಳು ಒತ್ತೊತ್ತಾಗಿ ಕೂತಿವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಒಂದು ಚಕ್ರ ಕೇಳಿದರೆ ಚೈನು ಇನ್ನೊಂದಕ್ಕೆ ಹಾರುತ್ತಿತ್ತು, ಇಲ್ಲವೇ ಎರಡರ ನಡುವೆ ಸಿಕ್ಕಿಕೊಂಡು ಕಟಕಟ ಹಲ್ಲು ಕಡಿಯುತ್ತಿತ್ತು.

ಸದ್ದು ಕೇಳಿ ಪಕ್ಕದ ಮನೆಯ ನಿವೃತ್ತ ಲೈನ್‌ಮನ್ ಹಾಜರಾದರು. ತಂತಿ ಎಂಬುದು ಎಲ್ಲಿ ಕಂಡರೂ ತಮ್ಮ ಇಲಾಖೆಗೇ ಸೇರಿದ್ದೆಂದು ಅವರ ನಂಬಿಕೆ. ಗೇರಿನ ತಂತಿಯನ್ನು ಬಿಗಿ ಮಾಡಿದರು, ಸಡಿಲ ಮಾಡಿದರು, ಮತ್ತೆ ಬಿಗಿ ಮಾಡಿದರು. ಮಹಡಿ ಮನೆಯ ಅಜ್ಜಿ ಮೇಲಿನಿಂದಲೇ ಎಣ್ಣೆ ಬಿಡಲು ಹೇಳಿದರು. ಅದೂ ಆಯಿತು. ಪರೀಕ್ಷೆಗೆಂದು ಮೇಷ್ಟ್ರು ಬೀದಿಯಲ್ಲಿ ಒಂದು ಸುತ್ತು ಹೊರಟರು. ತಿರುವಿನಲ್ಲಿ ಚೈನು ಹಾರಿತು, ಪೆಡಲು ಸುಮ್ಮನೆ ಗಿರ್ರೆಂದು ತಿರುಗಿತು, ಮೇಷ್ಟ್ರು ಬೇಲಿಯೊಳಗೆ ಆಸೀನರಾದರು. ಎದ್ದು ನೋಡಿದರೆ ಪ್ಯಾಂಟಿನ ಅರ್ಧ ಕಾಲು ಚೈನಿನ ಬಾಯಲ್ಲಿತ್ತು.

"ಕೆಲಸ ಇಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಅಂತಾರಲ್ಲ, ಆ ಬಡಗಿ ನಾನೇ," ಎಂದರು ಮೇಷ್ಟ್ರು.

"ಬಡಗಿಗೆ ಕೆತ್ತೋಕಾದ್ರೂ ಬರ್ತಿತ್ತು," ಎಂದರು ಲೈನ್‌ಮನ್.

ಮೇಷ್ಟ್ರಿಗೆ ನಗು ಬರಲಿಲ್ಲ. ಬೆಳಗಾದರೆ ಹೆಂಡತಿ ಇದೇ ಸೈಕಲ್ಲಿನಲ್ಲಿ ಗುಡ್ಡ ಹತ್ತಬೇಕು. ಅಲ್ಲಿ ಚೈನು ಹಾರಿದರೆ? ಈಗ ನಿಜಕ್ಕೂ ಹೆದರಿಕೆಯಾಯಿತು. ಸೈಕಲ್ಲನ್ನು ತಳ್ಳಿಕೊಂಡು, ಸ್ಪ್ಯಾನರ್ ಪೆಟ್ಟಿಗೆಯನ್ನೂ ಹೊತ್ತು ಗುಜರಿಗೆ ಓಡಿದರು. ಅಂಗಡಿಯವನು ಗಾಲಿಯನ್ನು ನೋಡಿದ, ಹರಿದ ಪ್ಯಾಂಟನ್ನೂ ನೋಡಿದ.

"ಹಳೇದನ್ನ ವಾಪಸ್ ಕೊಡ್ತೀನಿ ಮೇಷ್ಟ್ರೇ. ಹತ್ತರ ಗಾಲಿ ಜೊತೆಗೆ ಆ ಪೆಟ್ಟಿಗೇನೂ ಬಿಟ್ಟು ಹೋಗಿ. ನಿಮಗೇ ಒಳ್ಳೇದು."

ಮೇಷ್ಟ್ರಿಗೂ ಹಾಗೇ ಅನ್ನಿಸಿತು. ಅಲ್ಲೇ ಹಳೆಯ ಗಾಲಿ ಕೂರಿಸಿ ಪೆಟ್ಟಿಗೆ ಒಪ್ಪಿಸಿದರು. ಎಂಟೂ ಗೇರುಗಳು ಶಾಲೆ ಮಕ್ಕಳಂತೆ ಸಾಲಾಗಿ ಬಂದವು. ಮನೆಗೆ ಬಂದು ಸೈಕಲ್ಲನ್ನು ಒರೆಸಿ ಮೊದಲಿದ್ದ ಜಾಗದಲ್ಲೇ ನಿಲ್ಲಿಸಿದಾಗ ಹೋದ ಜೀವ ಬಂದಂತಾಯಿತು. ಇನ್ನು ಯಾರಿಗೂ ಏನೂ ತಿಳಿಯದೆಂದು ಅವರ ಲೆಕ್ಕ. ಮಹಡಿಯ ಅಜ್ಜಿಯನ್ನು ಆ ಲೆಕ್ಕಕ್ಕೆ ಸೇರಿಸಿಕೊಂಡಿರಲಿಲ್ಲ.

ಸಂಜೆ ಹೆಂಡತಿ ಒಂದು ಪೊಟ್ಟಣ ಹಿಡಿದು ಬಂದಳು. ಕಣ್ಣು ಒದ್ದೆಯಾಗಿತ್ತು.

"ಅಜ್ಜಿ ಮಧ್ಯಾಹ್ನವೇ ಫೋನ್ ಮಾಡಿದ್ರು ಕಣ್ರೀ. ನನಗೋಸ್ಕರ ಹತ್ತು ಗೇರಿನ ಗಾಲಿ ತಂದು, ಬೇಲಿಗೆ ಬಿದ್ರಂತೆ. ಇಷ್ಟು ವರ್ಷದಲ್ಲಿ ನೀವು ಮಾಡಿದ ಯಾವ ರಿಪೇರೀನೂ ನನಗೆ ಇಷ್ಟು ಇಷ್ಟ ಆಗಿರ್ಲಿಲ್ಲ."

ಅವಳು ಅಕ್ಕನ ಮನೆ ಹತ್ತಿರದ ಸೈಕಲ್ ಅಂಗಡಿಯಲ್ಲಿ ವಿಚಾರಿಸಿದ್ದಳು. ಗಾಲಿಯದೇನೂ ತಪ್ಪಿಲ್ಲ, ಹಿಡಿ ಮತ್ತು ಚೈನು ಅದರ ಜೋಡಿಯವಲ್ಲ ಎಂದಿದ್ದರಂತೆ. ಪೊಟ್ಟಣದಲ್ಲಿ ಇದ್ದದ್ದು ಹತ್ತರ ಹಿಡಿ, ಹತ್ತರ ಚೈನು.

"ಪೆಟ್ಟಿಗೆ ತನ್ನಿ, ಈಗಲೇ ಹಾಕೋಣ," ಎಂದಳು.

ಮದುವೆಯಾದ ಮೇಲೆ ಮೇಷ್ಟ್ರಿಗೆ ಸಿಕ್ಕ ಮೊದಲ ಶಹಭಾಸ್ ಅದು. ಕಳೆದುಕೊಳ್ಳಲು ಮನಸ್ಸು ಬರಲಿಲ್ಲ. ಒಂದು ನಿಮಿಷ ಎಂದು ಹೇಳಿ ಗುಜರಿಯ ದಾರಿ ಹಿಡಿದರು. ಗೇಟು ದಾಟಿದ್ದರೋ ಇಲ್ಲವೋ, ಪಕ್ಕದ ಅಂಗಳದಿಂದ ಪರಿಚಿತವಾದ ಕಟಕಟ ಕೇಳಿಸಿತು. ಲೈನ್‌ಮನ್ ತಮ್ಮ ಏಳು ಗೇರಿನ ಸೈಕಲ್ಲನ್ನು ತಲೆಕೆಳಗಾಗಿಸಿ ಕೂತಿದ್ದರು. ಅದರಲ್ಲಿ ಹತ್ತರ ಗಾಲಿ ಹೊಳೆಯುತ್ತಿತ್ತು. ಪಕ್ಕದಲ್ಲಿ ಮೇಷ್ಟ್ರ ಸ್ಪ್ಯಾನರ್ ಪೆಟ್ಟಿಗೆ.

"ಗುಜರಿಯವನ ಹತ್ರ ಎರಡನ್ನೂ ತಗೊಂಡೆ," ಎಂದರು ಅವರು. "ನೀವು ತಂತಿ ಸರಿಯಾಗಿ ಬಿಗಿ ಮಾಡಿರ್ಲಿಲ್ಲ ಮೇಷ್ಟ್ರೇ, ಅದೇ ತಪ್ಪು."

ಅಷ್ಟರಲ್ಲಿ ಹೆಂಡತಿ ಹಿಂದೆ ಬಂದು ನಿಂತಿದ್ದಳು. ಗಾಲಿಯನ್ನು, ಪೆಟ್ಟಿಗೆಯನ್ನು, ಕೊನೆಗೆ ಗಂಡನನ್ನು ನೋಡಿದಳು. ಪೊಟ್ಟಣವನ್ನು ಲೈನ್‌ಮನ್ ಕೈಗಿಟ್ಟಳು.

"ಇದನ್ನೂ ನೀವೇ ಇಟ್ಕೊಳ್ಳಿ. ಆ ಪೆಟ್ಟಿಗೇನ ಮಾತ್ರ ಇವರು ಎಷ್ಟು ಕೇಳಿದ್ರೂ ವಾಪಸ್ ಕೊಡ್ಬೇಡಿ."

ಮರುದಿನ ಲೈನ್‌ಮನ್ ಹತ್ತು ಗೇರಿನಲ್ಲಿ ಗುಡ್ಡ ಹತ್ತಿ ಬಂದರು. ಮೇಷ್ಟ್ರು ಚೀಲ ಹಿಡಿದು ತರಕಾರಿಗೆ ನಡೆದುಹೋದರು.