ಹೊಕ್ಕುಳಿಗಿಳಿದ ಹಾರ ಮತ್ತು ಮುನಿದ ಯಕೃತ್ತು

ಮಾನ್ಯ ಯಕೃತ್ತಿನವರೇ,

ನನ್ನ ಬಲಪಕ್ಕೆಯೊಳಗೆ ಐವತ್ತೆಂಟು ವರ್ಷಗಳಿಂದ ಸದ್ದಿಲ್ಲದೆ ದುಡಿಯುತ್ತಿರುವ ತಮಗೆ, ಕೊಲ್ಹಾಪುರದಾಚೆಯ ಪಿಂಪಳವಾಡಿಯ ಕುಸ್ತಿ ತಾಲೀಮಿನ ಗುರು, ವಸ್ತಾದ ಶಿದೋಜಿ ಪಿಸಾಳನ ಸಾಷ್ಟಾಂಗ ನಮಸ್ಕಾರಗಳು. ಹೇಗೂ ಹದಿನೈದು ದಿನಗಳಿಂದ ಮಲಗಿಯೇ ಇರುವುದರಿಂದ ಇದರಲ್ಲಿ ನನ್ನ ಶ್ರಮವೇನೂ ಇಲ್ಲ.

ತಾವು ಒಂದು ಮಾತೂ ಹೇಳದೆ ಊದಿಕೊಂಡು, ನನ್ನ ಕಣ್ಣಿಗೆ ಅರಿಸಿನ ಬಳಿದು, ಮಟನ್ ವಾಸನೆಗೇ ಓಕರಿಕೆ ಬರಿಸಿದ್ದು ತಮ್ಮ ಘನತೆಗೆ ತಕ್ಕದ್ದೇ. ಸುತ್ತಲಿನ ಜಟ್ಟಿಗಳಿಂದಾಗದ್ದನ್ನು, ಅಂದರೆ ನನ್ನ ಬೆನ್ನು ನೆಲಕ್ಕೆ ತಾಗಿಸುವುದನ್ನು, ತಾವು ಕೂತಲ್ಲೇ ಸಾಧಿಸಿದಿರಿ. ನಾನು ನಮ್ಮ ಪದ್ಧತಿಯಂತೆ ಕಾಮಾಲೆಯ ಹಾರ ಹಾಕಿಸಿಕೊಂಡೆ. ಹಸಿ ಕಡ್ಡಿಗಳನ್ನು ದಾರದಲ್ಲಿ ಗಂಟುಹಾಕಿದ ಈ ಹಾರ ದಿನದಿನಕ್ಕೂ ಉದ್ದವಾಗಿ ಕೆಳಗಿಳಿಯುತ್ತದೆ, ಅದರ ಜೊತೆಗೆ ರೋಗವೂ ಇಳಿಯುತ್ತದೆ ಎಂಬುದು ನಮ್ಮ ನಂಬಿಕೆ. ಆರನೆಯ ದಿನ ಹಾರ ಹೊಕ್ಕುಳಿಗೆ ಬಂದದ್ದೇ ತಡ, ರೋಗ ತಮ್ಮನ್ನು ದಾಟಿ ಕೆಳಗಿಳಿಯಿತೆಂದುಕೊಂಡು ನಾನು ಎರಡು ಬಟ್ಟಲು ತಾಂಬಡಾ ರಸ್ಸಾ, ಅಂದರೆ ಖಾರದ ಕೆಂಪು ಮಟನ್ ಸಾರು, ಏರಿಸಿ, ತಾಲೀಮಿಗೆ ಹೋಗಿ ಐವತ್ತು ಬಸ್ಕಿ ಹೊಡೆದು, ಶಿಷ್ಯರೆದುರೇ ಕುಸಿದೆ.

ಡಾಕ್ಟರ್ ಇನಾಮದಾರ ಬಾಯಿಯವರು ರಕ್ತ ಪರೀಕ್ಷೆ ಮಾಡಿಸಿ, ಇದು ಕೊಳಕು ನೀರಿನಿಂದ ಬಂದ ಸೋಂಕು ಎಂದರು. "ಸುಮ್ನೆ ಬಿದ್ಕೊಂಡಿರೋದೇ ಇದಕ್ಕೆ ಔಷಧಿ, ವಸ್ತಾದ. ಸಾರಾಯಿ ಮುಟ್ಟಬೇಡಿ, ನನ್ನ ಕೇಳದೆ ಒಂದು ಮಾತ್ರೆನೂ ನುಂಗಬೇಡಿ. ಲಿವರ್ ತಾನೇ ಸುಧಾರಿಸ್ಕೊಳ್ಳತ್ತೆ" ಎಂದು ನಕ್ಕರು. ಆಮೇಲೆ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿರುವ ನನ್ನ ಮಗಳು ಸುಲಭಾಳ ಏಳು ತಿಂಗಳ ಹೊಟ್ಟೆ ಕಂಡು ಅವರ ನಗು ನಿಂತಿತು. "ಇದು ಬಸುರಿಯರ ಜೀವಕ್ಕೇ ಕುತ್ತು ತರತ್ತೆ. ಕುದಿಸದ ಒಂದು ಹನಿ ನೀರೂ ಇವಳ ಬಾಯಿಗೆ ಹೋಗಬಾರದು." ಮಾನ್ಯರೇ, ಅಖಾಡದಲ್ಲಿ ಎಂದೂ ಹೆದರದ ನಾನು ಅಂದು ಮಲಗಿದಲ್ಲಿಂದಲೇ ಕೂಗಿ, ಮನೆಯ ಕೊಡಗಳ ನೀರನ್ನೆಲ್ಲ ಕುದಿಯಲು ಇಡಿಸಿದೆ.

ಸುಲಭಾಳ ರಕ್ತದಲ್ಲಿ ಸದ್ಯಕ್ಕೆ ಏನೂ ಇಲ್ಲ. ಅವಳಿಗೆ ಬಂದದ್ದು ಸಿಟ್ಟು ಮಾತ್ರ. "ಆಬಾ, ಕಡ್ಡಿ ಒಣಗಿದ್ರೆ ಗಂಟು ಸಡಿಲಾಗಿ ಹಾರ ಉದ್ದ ಆಗೇ ಆಗತ್ತೆ. ರೋಗಿನೇ ಬೇಕಾಗಿಲ್ಲ, ನೋಡ್ತಿರಿ" ಎಂದು ಇನ್ನೊಂದು ಹಾರ ತರಿಸಿ, ಗಟಾರದ ಪಕ್ಕ ಬಿಸಿಲಲ್ಲಿ ನಿಂತಿರುವ ನಮ್ಮ ಓಣಿಯ ನಲ್ಲಿಯ ಕೊರಳಿಗೆ ಹಾಕಿದಳು.

ತಪ್ಪು ಆ ನಲ್ಲಿಯ ನೀರಿನದು, ತಮ್ಮದಲ್ಲ. ಆದ್ದರಿಂದ ತಮ್ಮ ಮೇಲಿನ ದೂರನ್ನು ಹಿಂತೆಗೆದುಕೊಂಡಿದ್ದೇನೆ. ಊತ ಇಳಿಸಿಕೊಳ್ಳಲು ಎಷ್ಟು ವಾರ ಬೇಕೋ ತೆಗೆದುಕೊಳ್ಳಿ. ಮುಂದೆ ಮುನಿಯುವ ಮೊದಲು ಪಕ್ಕೆಯ ಮೇಲೊಂದು ನೋಟೀಸು ಅಂಟಿಸಿ. ಮೊಮ್ಮಗುವಿನ ನಾಮಕರಣದ ದಿನ ಒಂದೇ ಒಂದು ಬಟ್ಟಲು ರಸ್ಸಾಕ್ಕೆ ಈಗಲೇ ಮಂಜೂರಾತಿ ಕೊಡಿ.

ತಮ್ಮನ್ನು ಬಿಟ್ಟರೆ ಬೇರೆ ಗತಿಯಿಲ್ಲದ,
ತಮ್ಮ ವಿಶ್ವಾಸಿ,
ಶಿದೋಜಿ ಪಿಸಾಳ

ತಾ.ಕ.: ಊರಿಗೆ ನೀರು ಬಿಡುವ ಸಾಹೇಬರ ಗಮನಕ್ಕೆ. ನಲ್ಲಿಗೆ ಹಾಕಿದ ಹಾರ ಒಂಬತ್ತೇ ದಿನದಲ್ಲಿ ನೆಲ ಮುಟ್ಟಿದೆ. ನಮ್ಮ ಪದ್ಧತಿಯಂತೆ ನಲ್ಲಿ ಈಗ ಪೂರ್ತಿ ಗುಣವಾಗಿರಬೇಕು. ತಾವು ಬಂದು ಒಂದು ಲೋಟ ನೀರು ಕುದಿಸದೆ ಕುಡಿದು ಖಾತ್ರಿಪಡಿಸಬೇಕಾಗಿ ವಿನಂತಿ. ತಮ್ಮ ಕೊರಳಿಗೆಂದು ಸುಲಭಾ ಹೊಸ ಹಾರವೊಂದನ್ನು ಕಟ್ಟಿಟ್ಟಿದ್ದಾಳೆ.