ಬಲಗಡೆಯ ಗೀರು

ರಜಾದಿನದ ಬೆಳಿಗ್ಗೆ ಹಲ್ಲುಜ್ಜುತ್ತಾ ಅಂಗಳಕ್ಕೆ ಬಂದ ಗುಮಾಸ್ತ, ಭಾವನ ಬೈಕನ್ನು ನೋಡಿದ್ದೇ ತಡ, ಬಾಯಿತುಂಬಾ ಇದ್ದ ನೊರೆಯನ್ನು ಗುಟುಕ್ಕನೆ ನುಂಗಿಬಿಟ್ಟ. ಎಂಜಿನ್ನಿನ ಬಲಗಡೆಯ ಅಲ್ಯೂಮಿನಿಯಂ ಕವರಿನ ಮೇಲೆ ಒಂದು ಗೀರು! ಬೆರಳುದ್ದ, ನೆಟ್ಟಗೆ, ಕವರಿನಿಂದ ಹೊರಟು ಅದರ ಮೇಲೆ ಕೂತಿದ್ದ ದುಂಡನೆಯ ಡಬ್ಬಿಯ ಅಂಚಿನವರೆಗೂ ಹೋಗಿತ್ತು.

ಹಿಂದಿನ ದಿನ ಆಫೀಸಿನ ಹಿಂಭಾಗದಲ್ಲಿ ಸೈಡ್ ಸ್ಟ್ಯಾಂಡ್ ಮಡಚಿಕೊಂಡು ಗಾಡಿ ದಬ್ಬನೆ ಬಿದ್ದಿತ್ತು. ಬಿದ್ದದ್ದು ರದ್ದಿ ಕಾಗದದ ಮೂಟೆಗಳ ಮೇಲೆ. ಸದ್ಯ, ಏನೂ ಆಗಲಿಲ್ಲ ಎಂದುಕೊಂಡು, ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು ಮನೆಗೆ ತಂದಿದ್ದ. ಈಗ ನೋಡಿದರೆ ಇದು!

ಭಾವ ಅಂದರೆ ಅಕ್ಕನ ಗಂಡ, ಕಸುಬಿನಲ್ಲಿ ಮೆಕ್ಯಾನಿಕ್ಕು. ಗುಜರಿಗೆ ಹೊರಟಿದ್ದ ಹಳೇ ಬೈಕಿನ ಮುಂದೆ ಮೂರು ತಿಂಗಳು ಕೂತು ಅದಕ್ಕೆ ಜೀವ ಬರಿಸಿದ್ದರು. ನಾಳೆ ಹಳೇ ಗಾಡಿಗಳ ಓಟ. ಎಂಜಿನ್ನು ನಾಲ್ಕು ದಿನ ಓಡಿ ಪಳಗಲಿ ಎಂದು, ಅಕ್ಕ ಗೋಗರೆದದ್ದಕ್ಕೆ, ಗುಮಾಸ್ತನ ಕೈಗೆ ಕೊಟ್ಟಿದ್ದರು. ಅವನ ಕೈಗೆ ಹೋದ ಭಾವನ ಟಾರ್ಚು, ಛತ್ರಿ, ಏಣಿ ಯಾವುದೂ ಹೋದ ಹಾಗೆ ವಾಪಸ್ ಬಂದಿರಲಿಲ್ಲ.

"ಇದೇ ಕೊನೇ ಸಲ ಕಣೋ" ಅಂದಿದ್ದರು ಭಾವ. "ಇದೂ ನೆಟ್ಟಗೆ ವಾಪಸ್ ಬರ್ಲಿಲ್ಲ ಅಂದ್ರೆ ನನ್ನ ಮನೆ ಹೊಸಿಲು ತುಳೀಬೇಡ."

ಒಬ್ಬಳೇ ಅಕ್ಕ. ಅವಳ ಮನೆಯ ಹೊಸಿಲು ತುಳಿಯದೆ ಇರುವುದು ಹೇಗೆ? ಬೈಕು ತೆಗೆದುಕೊಂಡು ಹೋಗಲು ಭಾವ ಬರುವುದು ಸಂಜೆ ಐದಕ್ಕೆ.

"ರೀ, ಅವರಿಗೊಂದು ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳ್ಬಿಡಿ" ಅಂದಳು ಹೆಂಡತಿ.

"ನಿನಗೇನು ತಲೆ ಕೆಟ್ಟಿದ್ಯಾ?"

ಅಷ್ಟರಲ್ಲಿ ಪಕ್ಕದ ಮನೆಯ ಬಡಗಿ ಗೋಡೆಯ ಮೇಲಿಂದ ಇಣುಕಿದ. "ಇದಕ್ಕ್ಯಾಕೆ ಸಾರ್ ಗಾಬರಿ? ಅಲ್ಯೂಮಿನಿಯಂ ಬೆಣ್ಣೆ ಇದ್ದ ಹಾಗೆ. ನೀರು ಹಾಕ್ಕೊಂಡು ಮೊದಲು ಒರಟು ಸ್ಯಾಂಡ್ ಪೇಪರು, ಆಮೇಲೆ ನಯದ್ದು, ಆಮೇಲೆ ಇನ್ನೂ ನಯದ್ದು. ಗೀರು ಇತ್ತು ಅಂತ ಗೀರಿಗೇ ಗೊತ್ತಾಗಲ್ಲ. ಆದ್ರೆ ಬಿಚ್ಚಿ ಉಜ್ಜಬೇಕು."

ಬಿಚ್ಚಿದರು. ಕವರು ಸಡಿಲವಾಗುತ್ತಿದ್ದಂತೆ ಒಳಗಿದ್ದ ಎಣ್ಣೆಯೆಲ್ಲ ಬಳಬಳನೆ ಸುರಿಯಿತು. ಗುಮಾಸ್ತ ಕೈಗೆ ಸಿಕ್ಕ ಪಾತ್ರೆಯನ್ನು ತಂದು ಹಿಡಿದ.

"ಅಯ್ಯಯ್ಯೋ! ಅದು ಹಾಲು ಕಾಯಿಸೋ ಪಾತ್ರೆ ಕಣ್ರೀ!" ಎಂದು ಹೆಂಡತಿ ಕಿರುಚಿಕೊಂಡಳು.

ಒಂದು ಗಂಟೆ ಉಜ್ಜಿದ ಮೇಲೆ ಗೀರು ಮಾಯವಾಯಿತು. ಗುಮಾಸ್ತ ಉಸಿರು ಬಿಡುವಷ್ಟರಲ್ಲಿ ಮಹಡಿ ಮೇಲಿನ ದರ್ಜಿ ಇಳಿದುಬಂದು, ಕತ್ತು ಓರೆ ಮಾಡಿ ನೋಡಿದ.

"ಹಳೇ ಪ್ಯಾಂಟಿಗೆ ಹೊಸ ತೇಪೆ ಹಾಕ್ದಂಗಿದೆ ಸಾರ್. ಉಜ್ಜಿದ ಜಾಗ ಫಳಫಳ, ಸುತ್ತ ಎಲ್ಲಾ ಮಂಕು. ಇಲ್ಲೇ ಏನೋ ಆಗಿತ್ತು ಅಂತ ಕೂಗಿ ಹೇಳ್ತಿದೆ."

ನಿಜವೇ! ಇಡೀ ಕವರು ಉಜ್ಜದೆ ಗತಿಯಿರಲಿಲ್ಲ. ಕವರು ಹೊಳೆದಾಗ ದುಂಡನೆಯ ಡಬ್ಬಿ ಕೊಳಕಾಗಿ ಕಂಡಿತು, ಅದನ್ನೂ ಉಜ್ಜಿದರು. ಡಬ್ಬಿ ಹೊಳೆದಾಗ ಪಕ್ಕದ ಗೇರ್ ಬಾಕ್ಸಿನ ಕವರು ಅಸಹ್ಯವೆನಿಸಿತು. ಅದನ್ನೂ ಬಿಚ್ಚಿದರು. ಬಡಗಿ ತನ್ನ ಡ್ರಿಲ್ ತಂದ. ದರ್ಜಿ ಬಟ್ಟೆಯ ಚೂರುಗಳನ್ನು ದುಂಡಗೆ ಕತ್ತರಿಸಿ, ಪದರ ಪದರವಾಗಿ ಹೊಲಿದು ಡ್ರಿಲ್ಲಿಗೆ ಚಕ್ರ ಮಾಡಿಕೊಟ್ಟ. ಅದಕ್ಕೆ ಪಾಲಿಶ್ ಮೆತ್ತಿ ಗುಂಡಿ ಒತ್ತಿದ್ದೇ ತಡ, ಕರೀ ಮಸಿ ರಪರಪನೆ ಹಾರಿ ಗುಮಾಸ್ತನ ಮುಖ, ಗೋಡೆ, ಒಣಗಲು ಹಾಕಿದ್ದ ಬಿಳೀ ಹೊದಿಕೆ ಎಲ್ಲದಕ್ಕೂ ಬಡಿಯಿತು. ಮಸಿ ಒರೆಸಲು ಹಿಟ್ಟು ಒಳ್ಳೆಯದೆಂದು ಬಡಗಿ ಹೇಳಿದ; ಅಡುಗೆಮನೆಯ ಡಬ್ಬ ಬರಿದಾಯಿತು. ಹೆಂಡತಿ ಮಾತಾಡುವುದನ್ನೇ ನಿಲ್ಲಿಸಿದಳು. ಅದು ಕಿರುಚಿದ್ದಕ್ಕಿಂತ ಭಯಂಕರವಾಗಿತ್ತು.

"ಎಡಗಡೆ?" ಅಂದ ದರ್ಜಿ.

"ಅದರ ತಂಟೆಗೆ ಹೋಗ್ಬೇಡಿ. ಆ ಕಡೆ ಗೋಡೆಗೆ ತಿರುಗಿಸಿ ನಿಲ್ಲಿಸ್ತೀನಿ" ಅಂದ ಗುಮಾಸ್ತ.

ಐದಕ್ಕೆ ಹತ್ತು ನಿಮಿಷ ಇರುವಾಗ ಎಲ್ಲ ಜೋಡಿಸಿ, ಎಣ್ಣೆ ಸುರಿದದ್ದಾಯಿತು. ದುಂಡನೆಯ ಡಬ್ಬಿ ಅತ್ತಿತ್ತ ತಿರುಗುತ್ತಿತ್ತು. ಗುಮಾಸ್ತ ಅದನ್ನು ಚೆನ್ನಾಗಿ ಕಂಡ ಕಡೆಗೆ ತಿರುಗಿಸಿ ಬಿಗಿ ಮಾಡಿದ. ಕವರಿನಲ್ಲಿ ಮುಖ ನೋಡಿಕೊಂಡು ಬಡಗಿ ಮೀಸೆ ತಿರುವಿಕೊಂಡ. ದರ್ಜಿ ತಲೆ ಬಾಚಿಕೊಂಡ.

ಭಾವ ಬಂದವರು ಗೇಟಿನಲ್ಲೇ ನಿಂತುಬಿಟ್ಟರು.

"ಏನೋ ಇದು! ಕನ್ನಡಿ ಆಗೋಗಿದೆಯಲ್ಲೋ! ನೀನಾ ಮಾಡಿದ್ದು?"

ಗುಮಾಸ್ತನ ಎದೆ ಉಬ್ಬಿತು. ಭಾವ ಖುಷಿಯಿಂದ ಬಗ್ಗಿ ಕವರು ಸವರಿದರು. ಬೆರಳು ಒಂದು ಕಡೆ ನಿಂತಿತು. ಮತ್ತೆ ಸವರಿದರು. ಮುಖದ ಬಣ್ಣ ಇಳಿಯಿತು.

"ಗೀಟು ಎಲ್ಲೋ?"

"ಯಾ... ಯಾವ ಗೀಟು ಭಾವ?"

"ಕವರಿಗೂ ಡಬ್ಬಿಗೂ ಸೇರಿಸಿ ನಾನೇ ಮೊಳೆಯಲ್ಲಿ ಗೀಚಿದ್ದೆನಲ್ಲೋ! ಎರಡು ಕಡೆ ಗೀಟೂ ಒಂದೇ ನೇರಕ್ಕೆ ಇದ್ರೆ ತಾನೇ ಸರಿಯಾದ ಹೊತ್ತಿಗೆ ಎಂಜಿನ್ನಲ್ಲಿ ಕಿಡಿ ಹಾರೋದು? ಆ ಜಾಗ ಹುಡುಕೋಕೇ ನನಗೆ ಮೂರು ತಿಂಗಳು ಹಿಡೀತು!"

"ನಾನು... ಅದು ಬಿದ್ದಾಗ ಆದ ಗೀರು ಅಂದ್ಕೊಂಡೆ ಭಾವ."

"ಬಿದ್ದಾಗ? ಗಾಡಿ ಬೀಳಿಸಿದ್ಯಾ?"

ಬಡಗಿ ಗೋಡೆ ಹಾರಿದ. ದರ್ಜಿಯ ಹೆಜ್ಜೆ ಆಗಲೇ ಮಹಡಿ ಮೆಟ್ಟಿಲ ಮೇಲಿತ್ತು.

"ಸೈಡ್ ಸ್ಟ್ಯಾಂಡ್ ಮಡಚಿಕೊಂಡು..."

"ಸೈಡ್ ಸ್ಟ್ಯಾಂಡ್ ಯಾವ ಕಡೆ ಇದೆ?"

ಗುಮಾಸ್ತ ಬಗ್ಗಿ ನೋಡಿದ. "ಎಡಗಡೆ."

"ಎಡಕ್ಕೆ ಬಿದ್ದ ಗಾಡಿಗೆ ಬಲಗಡೆ ಹೇಗೋ ಗೀರು ಬರುತ್ತೆ?"

ಭಾವ ಬೈಕನ್ನು ಗೋಡೆಯಿಂದ ಎಳೆದು ಎಡಗಡೆ ನೋಡಿದರು. ಕೂದಲೆಳೆಯಷ್ಟೂ ಗೀರಿರಲಿಲ್ಲ. ಫುಟ್‌ರೆಸ್ಟಿಗೆ ಒಂದು ಚೂರು ರದ್ದಿ ಕಾಗದ ಸಿಕ್ಕಿಕೊಂಡಿತ್ತು, ಅಷ್ಟೇ. ಕಿಕ್ ಹೊಡೆದರು. ಬೈಕು ಒಮ್ಮೆ ಕೆಮ್ಮಿ, ಸೈಲೆನ್ಸರಿನಿಂದ ಢಮಾರ್ ಎಂದು ಸದ್ದು ಮಾಡಿ, ಸುಮ್ಮನಾಯಿತು. ಹತ್ತು ಸಲ ಹೊಡೆದರೂ ಅಷ್ಟೇ.

"ಬೆಳಿಗ್ಗೆನೇ ಫೋನ್ ಮಾಡಿ ಅಂದಿದ್ದೆ" ಅಂದಳು ಹೆಂಡತಿ. ಮಧ್ಯಾಹ್ನದಿಂದ ಅವಳು ಆಡಿದ ಮೊದಲ ಮಾತು ಅದು.

ಭಾವ ಹ್ಯಾಂಡಲ್ ಹಿಡಿದು, ಹಿಂದೆ ತಿರುಗದೆ ಹೇಳಿದರು: "ತಳ್ಳು."

"ಎಲ್ಲಿವರೆಗೆ ಭಾವ?"

"ನನ್ನ ಮನೆ ಹೊಸಿಲವರೆಗೆ. ಅಲ್ಲಿಂದ ಹಾಗೇ ವಾಪಸ್ ಹೋಗು."